ಟೊಮೆಟೊ ಕಂಬಿಯ ರಾಜಕೀಯ

ಕೊಲರಾಡೊ ರಾಜ್ಯದ ನಮ್ಮ ಹ್ಯಾಲೆಟ್ ಊರಿನಲ್ಲಿ ಒಬ್ಬ ಮನುಷ್ಯನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಅವನನ್ನೇ ಕೇಳಬೇಕಾಗಿಲ್ಲ. ಅವನ ಮನೆಯ ಮುಂದಿನ ಹುಲ್ಲು ನೋಡಿದರೆ ಸಾಕು. ಚುನಾವಣೆಯ ವರ್ಷ ಅಕ್ಟೋಬರ್ ಬಂತೆಂದರೆ ಹುಲ್ಲಿನ ಮೇಲೆ ಬೋರ್ಡುಗಳು ಏಳುತ್ತವೆ. ಯಾರಿಗೆ ಓಟು, ಯಾವುದಕ್ಕೆ ಓಟು ಎಂದು ದಾರಿಹೋಕರಿಗೂ ನಾಯಿಗಳಿಗೂ ತಿಳಿದುಹೋಗುತ್ತದೆ.

ಆ ಅಕ್ಟೋಬರಿನಲ್ಲಿ ನಮ್ಮ ಅಂಗಳದಲ್ಲಿ ನಾಲ್ಕು ಬೋರ್ಡುಗಳಿದ್ದವು. ಒಂದು ‘1ಎ ಬೇಕು’ ಎನ್ನುತ್ತಿತ್ತು. ಕಾಲುದಾರಿಯ ಆಚೆ, ಅದರ ಎದುರಿಗೆ, ‘1ಎ ಬೇಡ’. ಅದರ ಹಿಂದೆ ‘ಜಡ್ಜ್ ಪೋಲ್ಮನ್ ಬೇಡ’. ಕಾಲುದಾರಿಯ ಈಚೆಗೆ, ಗುಲಾಬಿ ಗಿಡದ ಪಕ್ಕದಲ್ಲಿ, ‘ಜಡ್ಜ್ ಪೋಲ್ಮನ್ ಇರಲಿ’.

ಇದಕ್ಕೆಲ್ಲ ಕಾರಣ ಟೊಮೆಟೊ.

ನನ್ನ ಗಂಡ ವೆಂಡೆಲ್ ಕ್ಯೂಬಿಕ್ ಸ್ಕೂಲ್ ಬಸ್ಸು ಓಡಿಸಿ ನಿವೃತ್ತನಾದವನು. ನಿವೃತ್ತಿಯ ಮೇಲೆ ಅವನಿಗೆ ಹಿಡಿದ ಗೀಳು ಟೊಮೆಟೊ. ಟೊಮೆಟೊ ಗಿಡಕ್ಕೆ ಆಸರೆ ಬೇಕು. ಚುನಾವಣೆಯ ಬೋರ್ಡನ್ನು ಹೊತ್ತು ನಿಲ್ಲುವ ಗಟ್ಟಿ ಕಂಬಿಯಿದೆಯಲ್ಲ, ಅಂಥ ಆಸರೆ ಯಾವ ಅಂಗಡಿಯಲ್ಲೂ ಸಿಕ್ಕುವುದಿಲ್ಲ ಎಂಬುದು ಅವನ ಸಂಶೋಧನೆ. ಹಿಂದಿನ ವರ್ಷಗಳಲ್ಲಿ ಚುನಾವಣೆ ಮುಗಿದ ಮರುದಿನ ರಸ್ತೆಬದಿಯಲ್ಲಿ ಬಿದ್ದದ್ದನ್ನು ಆರಿಸಿ ತರುತ್ತಿದ್ದ. ಆದರೆ ಯಾರೋ ಪಿಕಪ್ ಗಾಡಿಯವನು ಅವನಿಗಿಂತ ಬೇಗ ಏಳಲು ಶುರುಮಾಡಿದ. ಆದ್ದರಿಂದ ಈ ಸಲ ಹೊಸ ನೀತಿ: ಬೋರ್ಡು ಹಾಕಲೇ ಎಂದು ಯಾರು ಕೇಳಿದರೂ ‘ಹೂಂ’ ಅನ್ನುವುದು. ನಮ್ಮ ಅಂಗಳದಲ್ಲಿ ನೆಟ್ಟ ಕಂಬಿ ನಮ್ಮದೇ.

“ಕಾರಣ ಹೇಳಿಬಿಟ್ಟು ಹಾಕಿಸ್ಕೋಬಾರದಾ?” ಎಂದೆ.

“ಹೇಳ್ಬೇಡ ಮೇವಿಸ್, ಯಾರಿಗೂ ಬಾಯಿ ಬಿಡ್ಬೇಡ. ಕಂಬಿ ಗುಟ್ಟು ಗೊತ್ತಾದ್ರೆ ಊರೋರೆಲ್ಲ ಟೊಮೆಟೊ ಬೆಳೀತಾರೆ!”

ಊರಿನವರೆಲ್ಲ ಟೊಮೆಟೊ ಬೆಳೆದರೆ ಏನು ಅನಾಹುತವೋ ನನಗೆ ತಿಳಿಯಲಿಲ್ಲ. ಆದರೂ ಬಾಯಿ ಮುಚ್ಚಿಕೊಂಡೆ.

ಮೊದಲ ಬೋರ್ಡು ತಂದವಳು ಪಕ್ಕದ ಮನೆಯ ಬೆನಿತಾ. ಊರಿನ ಏಕಮಾತ್ರ ಆಂಬ್ಯುಲೆನ್ಸ್ ಓಡಿಸುವವಳು ಅವಳೇ. 1ಎ ಎಂದರೆ ಓಟಿನ ಕಾಗದದಲ್ಲಿ ಆ ಆಂಬ್ಯುಲೆನ್ಸಿನ ಪ್ರಶ್ನೆಗೆ ಕೊಟ್ಟ ಸಂಖ್ಯೆ. ಮನೆತೆರಿಗೆಯನ್ನು ಒಂದಿಷ್ಟು ಏರಿಸಿದರೆ ಗಾಡಿ ಉಳಿಯುತ್ತದೆ. ಜನ ಬೇಡವೆಂದರೆ ವರ್ಷದ ಕೊನೆಗೆ ಶೆಡ್ಡಿಗೆ ಬೀಗ. ಆಮೇಲೆ ಯಾರಿಗಾದರೂ ಎದೆ ಹಿಡಿದುಕೊಂಡರೆ, ರೈಲುಹಳಿಯ ಆಚೆ, ಪಕ್ಕದ ಜಿಲ್ಲೆಯಿಂದ ಗಾಡಿ ಬರಬೇಕು. ಬೆನಿತಾಳ ತಾಯಿ ಕಾಸಿಲ್ದಾ ಅಜ್ಜಿ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು ದಿನವಿಡೀ ಜಗುಲಿಯಲ್ಲಿ ಕೂತಿರುತ್ತಾರೆ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವರ ಉಸಿರು ನಿಂತೇಹೋಗುವುದರಲ್ಲಿತ್ತು. ಮಗಳೇ ಗಾಡಿ ತಂದು, ಮಗಳೇ ಎತ್ತಿ ಮಲಗಿಸಿ, ಮಗಳೇ ಓಡಿಸಿಕೊಂಡು ಹೋದಳು.

“ಮಿಸ್ಟರ್ ಕ್ಯೂಬಿಕ್, ನೀವು ಹಾಕಿಸ್ಕೊಂಡ್ರೆ ನಾಲ್ಕು ಜನ ನೋಡ್ತಾರೆ,” ಎಂದಳು ಬೆನಿತಾ. ಚಿಕ್ಕಂದಿನಲ್ಲಿ ಅವನ ಬಸ್ಸಿನಲ್ಲಿ ಹೋದವರೆಲ್ಲ ಈಗಲೂ ಅವನನ್ನು ಕರೆಯುವುದು ಹಾಗೆಯೇ.

“ಹಾಕಮ್ಮ, ಹಾಕು. ಆಳವಾಗಿ ನೆಡು,” ಎಂದ ವೆಂಡೆಲ್, ಕಂಬಿಯ ದಪ್ಪವನ್ನು ಬೆರಳಿನಿಂದ ನೋಡುತ್ತ.

ಎರಡು ದಿನ ಬಿಟ್ಟು ಎದುರು ಮನೆಯ ಹಾರ್ಲನ್ ಸ್ಟ್ರೌಡ್ ಬಂದ. ತೆರಿಗೆ ಎಂಬ ಮಾತು ಕಿವಿಗೆ ಬಿದ್ದರೆ ಟೋಪಿ ತೆಗೆದು, ಕೊಡವಿ, ಮತ್ತೆ ಹಾಕಿಕೊಳ್ಳುವ ಮನುಷ್ಯ ಅವನು. ಅವನ ಕೈಯಲ್ಲಿ ಎರಡು ಬೋರ್ಡು. 1ಎ ಬೇಡ ಎನ್ನುವುದಕ್ಕೆ ತೆರಿಗೆ ಕಾರಣ. ಜಡ್ಜ್ ಬೇಡ ಎನ್ನುವುದಕ್ಕೆ ಕಾಲುವೆ ನೀರಿನ ಸರದಿಯ ವ್ಯಾಜ್ಯದಲ್ಲಿ ಆಕೆ ಅವನ ವಿರುದ್ಧ ತೀರ್ಪು ಕೊಟ್ಟದ್ದು ಕಾರಣ.

“ನಿನಗೂ ದಂಡ ಹಾಕಿದ್ಲಲ್ಲೋ ಆ ಯಮ್ಮ,” ಎಂದ ಹಾರ್ಲನ್. “ಮರೆತುಬಿಟ್ಟೆಯಾ?”

ವೆಂಡೆಲ್ ಮರೆತಿರಲಿಲ್ಲ. ಮಾರ್ಚಿನಲ್ಲಿ ಕ್ಷೌರಕ್ಕೆ ತಡವಾಯಿತೆಂದು, ಇಳಿದಿದ್ದ ರೈಲ್ವೆ ಗೇಟಿನ ಪಕ್ಕದಿಂದ ಕಾರು ನುಗ್ಗಿಸಿದ್ದ. ಅದೂ ಯಾರು? ಆಯುಷ್ಯವಿಡೀ ಪ್ರತಿ ಹಳಿಯ ಮುಂದೆ ಬಸ್ಸು ನಿಲ್ಲಿಸಿ, ಬಾಗಿಲು ತೆಗೆದು, ಕೈ ಮೇಲೆತ್ತಿ ಮಕ್ಕಳನ್ನೆಲ್ಲ ಸುಮ್ಮನಿರಿಸಿ, ರೈಲಿನ ಸದ್ದಿಗೆ ಕಿವಿಗೊಟ್ಟವನು. ಜಡ್ಜ್ ಆರ್ಡಿತ್ ಪೋಲ್ಮನ್ ಕನ್ನಡಕದ ಮೇಲಿನಿಂದ ನೋಡಿ, “ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ, ಮಿಸ್ಟರ್ ಕ್ಯೂಬಿಕ್,” ಎಂದಿದ್ದರು. ದಂಡಕ್ಕಿಂತ ಆ ಮಾತೇ ಅವನಿಗೆ ಜಾಸ್ತಿ ಉರಿದಿತ್ತು.

“ಎರಡೂ ಹಾಕಪ್ಪ,” ಎಂದ ವೆಂಡೆಲ್. ಒಂದೇ ಸಲಕ್ಕೆ ಎರಡು ಕಂಬಿ.

ಮರುದಿನ ಗ್ರಂಥಾಲಯದ ಮಾರ್ಲಾ ನಾಲ್ಕನೆಯದನ್ನು ತಂದಳು. ಅಂಗಳ ನೋಡಿ ಅವಳ ಹೆಜ್ಜೆ ನಿಂತಿತು. ಕಾಲುದಾರಿಯ ಆಚೆಗಿನ ಬೋರ್ಡುಗಳನ್ನು ನೋಡಿದಳು, ಈಚೆಗಿನದನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ತನ್ನ ಬೋರ್ಡನ್ನು ಈಚೆಗೆ, ನನ್ನ ಗುಲಾಬಿಯ ಪಕ್ಕ ನೆಟ್ಟು, ನನ್ನ ಕೈ ಹಿಡಿದು ಒತ್ತಿದಳು.

“ಧೈರ್ಯವಾಗಿರು ಮೇವಿಸ್,” ಎಂದಳು.

ಯಾವುದಕ್ಕೆ ಧೈರ್ಯ ಎಂದು ಕೇಳುವ ಮೊದಲೇ ಹೊರಟುಹೋದಳು. ನಾನು ಒಳಗೆ ಬಂದು ಒಲೆ ಆರಿಸಿದ್ದೇನೆಯೇ ಎಂದು ನೋಡಿದೆ. ಆರಿತ್ತು.

ಸಂಜೆಗೆ ಮೊದಲ ಕ್ಯಾಸರೋಲ್ ಬಂತು. ನಮ್ಮ ಕಡೆ ಒಂದು ಪದ್ಧತಿ: ಸಾವಾದ ಮನೆಗೆ, ಶಸ್ತ್ರಚಿಕಿತ್ಸೆಯಾದ ಮನೆಗೆ, ಸಂಸಾರ ಮುರಿದ ಮನೆಗೆ ನೆರೆಯವರು ಆಲೂಗಡ್ಡೆ, ಚೀಸು ಸುರಿದು ಬೇಯಿಸಿದ ಗಾಜಿನ ತಟ್ಟೆಯನ್ನು ಬಿಸಿಬಿಸಿಯಾಗಿ ತಂದುಕೊಡುತ್ತಾರೆ. ತಟ್ಟೆಯ ತಳದಲ್ಲಿ ಅಂಟುಪಟ್ಟಿಯ ಮೇಲೆ ಹೆಸರಿರುತ್ತದೆ. ದುಃಖ ಎಷ್ಟೇ ದೊಡ್ಡದಿದ್ದರೂ ತಟ್ಟೆ ವಾಪಸಾಗಬೇಕು. ನಮ್ಮ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಯಾರನ್ನೂ ಕುಯ್ದಿರಲಿಲ್ಲ. ಮೂರನೆಯ ತಟ್ಟೆ ಬಂದಾಗ ನನಗೆ ಅರ್ಥವಾಯಿತು.

“ವೆಂಡೆಲ್, ಊರಿನವರು ನಾವು ಬೇರೆಯಾಗ್ತಿದ್ದೀವಿ ಅಂದ್ಕೊಂಡಿದ್ದಾರೆ.”

“ಇದರಲ್ಲಿ ಹ್ಯಾಮ್ ಹಾಕಿದ್ದಾರೆ ಕಣೆ,” ಎಂದ ಅವನು, ಬಾಯಿ ತುಂಬ. “ತುಂಬ ಚೆನ್ನಾಗಿದೆ.”

ಅಷ್ಟರಲ್ಲಿ ಪ್ಯುಬ್ಲೋದಿಂದ ಅವನ ಅಕ್ಕ ಲವರ್ನ್ ಫೋನು.

“ಅಂಗಳಾನ ನಡುವೆ ಗೆರೆ ಎಳೆದು ಹಂಚ್ಕೊಂಡ್ರಂತೆ?” ಎಂದು ಅಳುದನಿಯಲ್ಲಿ ಕೇಳಿದರು. “ನನ್ನ ತಮ್ಮ ಮೊದಲಿಂದ್ಲೂ ಪೆದ್ದ ಕಣಮ್ಮ, ಒಪ್ಕೋತೀನಿ. ಆದ್ರೆ ಒಬ್ಬ ಜಡ್ಜಿಗೋಸ್ಕರ ಗಂಡನ್ನ ಬಿಡ್ತಾರಾ?”

“ಅತ್ತಿಗೆ, ಯಾರೂ ಯಾರನ್ನೂ ಬಿಡ್ತಿಲ್ಲ.”

“ಹಾಗಾದ್ರೆ ಗುಲಾಬಿ ಗಿಡದ ಕಡೆ ನಿಂದು, ಗ್ಯಾರೇಜಿನ ಕಡೆ ಅವನದು ಅಂತ ಯಾಕೆ ಹೇಳ್ತಾರೆ?”

ಇನ್ನೂರು ಮೈಲಿ ಆಚೆಗಿದ್ದವರಿಗೂ ನನ್ನ ಗುಲಾಬಿ ಗಿಡ ಯಾವ ಕಡೆಯಿದೆ ಎಂದು ತಿಳಿದಿದ್ದು ಕಂಡು ನಾನು ಕಿಟಕಿಯ ಪರದೆ ಎಳೆದೆ. ಪರದೆ ಎಳೆದದ್ದನ್ನು ಎದುರು ಮನೆಯವರು ನೋಡಿದರು. ರಾತ್ರಿ ಊಟದ ಹೊತ್ತಿಗೆ ಇನ್ನೊಂದು ಕ್ಯಾಸರೋಲ್ ಬಂತು.

ಶನಿವಾರ ಪಾದ್ರಿ ನೀಲ್ಸನ್ ಬಂದು ಸೋಫಾದ ಅಂಚಿನಲ್ಲಿ ಕೂತರು. ಅವರ ಹಿಂದೆಯೇ, ತಟ್ಟೆ ವಾಪಸು ಕೇಳುವ ನೆಪದಲ್ಲಿ, ಹಾರ್ಲನ್ ಬಾಗಿಲಲ್ಲಿ ನಿಂತ.

“ವೆಂಡೆಲ್, ಒಂದೇ ಸೂರಿನ ಕೆಳಗೆ ಇಬ್ಬಗೆಯ ಮನಸ್ಸು...” ಎಂದು ಪಾದ್ರಿ ಶುರುಮಾಡಿದರು.

ಕಂಬಿ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಗಂಡ ಗಂಟಲು ಸರಿಮಾಡಿಕೊಂಡ. ಅವನು ಗಂಟಲು ಸರಿಮಾಡಿಕೊಂಡಾಗಲೆಲ್ಲ ನಮಗೆ ಏನಾದರೊಂದು ಕಾದಿರುತ್ತದೆ.

“ಪಾದ್ರಿಗಳೇ, ಇಬ್ಬಗೆಯಲ್ಲ. ಬೋರ್ಡು ಎಲ್ಲಾ ನಂದೇ. ಜನ ಒಂದು ಕಡೆ ಮಾತು ಕೇಳಿ ಓಟು ಹಾಕಿಬಿಡ್ತಾರೆ. ನಾನು ಹಾಗಲ್ಲ. ಎರಡೂ ಕಡೆ ಅಂಗಳದಲ್ಲಿ ನಿಲ್ಲಿಸ್ಕೊಂಡು, ದಿನಾ ಬೆಳಿಗ್ಗೆ ನೋಡಿ, ತೂಗ್ತಾ ಇದ್ದೀನಿ.”

ಪಾದ್ರಿಯ ಮುಖದಲ್ಲಿ ಮೊದಲು ಸಮಾಧಾನ, ಆಮೇಲೆ ಮೆಚ್ಚುಗೆ, ಆಮೇಲೆ ಭಾನುವಾರದ ಪ್ರವಚನಕ್ಕೆ ವಿಷಯ ಸಿಕ್ಕಿದ ಸಂತೋಷ ಒಂದರ ಮೇಲೊಂದು ಬಂದವು. ಹಾರ್ಲನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಭಾನುವಾರ ಮಧ್ಯಾಹ್ನದೊಳಗೆ ವೆಂಡೆಲ್ ಕ್ಯೂಬಿಕ್ ಊರಿನ ನಿಷ್ಪಕ್ಷಪಾತಿ ಚಿಂತಕನಾಗಿಬಿಟ್ಟಿದ್ದ. ಪೆಟ್ರೋಲ್ ಬಂಕಿನಲ್ಲಿ ಜನ ಅವನನ್ನು ತಡೆದು, “ಎಲ್ಲೀವರೆಗೆ ಬಂತು ತೂಕ?” ಎಂದು ಕೇಳತೊಡಗಿದರು. ಅವನು ಆಕಾಶ ನೋಡಿ, “ಇನ್ನೂ ಒಂದಿಷ್ಟು ಇದೆ,” ಎನ್ನತೊಡಗಿದ. ಬುಧವಾರ ರೈತರ ಸಭಾಭವನದಲ್ಲಿ 1ಎ ಬಗ್ಗೆ ಸಭೆ. ಬೇಕು ಎಂದು ಬೆನಿತಾ, ಬೇಡ ಎಂದು ಹಾರ್ಲನ್, ಕೊನೆಯಲ್ಲಿ ತೀರ್ಮಾನದ ನಾಲ್ಕು ಮಾತಿಗೆ ಮಿಸ್ಟರ್ ಕ್ಯೂಬಿಕ್.

ಜಗುಲಿಯಿಂದ ಕಾಸಿಲ್ದಾ ಅಜ್ಜಿ ಕೂಗಿ ಕೇಳಿದರು: “ತೂಗೋಕೆ ಅವನೇನು ಕಲ್ಲಂಗಡಿ ವ್ಯಾಪಾರೀನಾ? ನನ್ನ ಉಸಿರೂ ಒಂದು ತಟ್ಟೇಲಿಡೋಕೆ ಹೇಳು!”

ಅಜ್ಜಿ ನಕ್ಕರು. ಪಕ್ಕದಲ್ಲಿ ನಿಂತಿದ್ದ ಬೆನಿತಾ ನಗಲಿಲ್ಲ.

“ಜನ ಇಬ್ಬರ ಮಾತು ಕೇಳಿ ಓಟು ಹಾಕೋದೇ ಬೇರೆ, ಮಿಸ್ಟರ್ ಕ್ಯೂಬಿಕ್ ಹೇಳಿದ್ರು ಅಂತ ಹಾಕೋದೇ ಬೇರೆ, ಮೇವಿಸ್,” ಎಂದಳು ಮೆಲ್ಲಗೆ. “ಅರ್ಧ ಊರು ಅವರ ಬಸ್ಸಲ್ಲಿ ಬೆಳೆದಿದೆ. ಕಳೆದ ಸಲ ಎಷ್ಟು ಕಡಿಮೆ ಓಟಲ್ಲಿ ಸೋತ್ವಿ ನಿಮಗೇ ಗೊತ್ತು. ಅವರು ಬೇಡ ಅಂದ್ರೆ ಗಾಡಿ ಹೋಯ್ತು.”

ಆ ರಾತ್ರಿ ಗಂಡನಿಗೆ ಹೇಳಿದೆ, ಓಟಿನ ಕಾಗದ ಅಂಚೆಯಲ್ಲಿ ಬಂದಿದೆ, ಒಂದು ಸಲವಾದರೂ ಓದು ಎಂದು. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿಕೊಂಡು ಕೂತ.

ನಮ್ಮ ಕೊಲರಾಡೊದಲ್ಲಿ ಜಡ್ಜ್‌ಗಳಿಗೆ ಎದುರಾಳಿಯಿಲ್ಲ. ಇವರು ಇರಬೇಕೇ, ಬೇಡವೇ ಎಂದಷ್ಟೇ ಕೇಳುತ್ತಾರೆ. ಮದುವೆಯಾಗಿ ಮೊಮ್ಮಕ್ಕಳಾದ ಮೇಲೆ ಈ ಗಂಡ ಇರಬೇಕೇ, ಬೇಡವೇ ಎಂದು ಕೇಳಿದ ಹಾಗೆ. ಕಾಗದದಲ್ಲಿ ರಾಜ್ಯದ ದೊಡ್ಡ ಕೋರ್ಟಿನಿಂದ ಹಿಡಿದು ನಮ್ಮ ಜಡ್ಜಮ್ಮನವರೆಗೆ ಹೆಸರುಗಳು ಸಾಲಾಗಿ ನಿಂತಿದ್ದವು.

“ಇವರ್ಯಾರು?”

“ಗೊತ್ತಿಲ್ಲ.”

“ಹೆಸರು ನನ್ನ ಹಲ್ಲಿನ ಡಾಕ್ಟರ ಹೆಸರಿನ ಹಾಗಿದೆ. ಬೇಡ.”

“ವೆಂಡೆಲ್! ಅದು ನ್ಯಾಯವೇನೋ?”

“ನ್ಯಾಯ ಅವರ ಕೆಲಸ. ನಂದು ಓಟು.”

“ಸರ್ಕಾರ ನೀಲಿ ಪುಸ್ತಕ ಕಳಿಸಿದೆಯಲ್ಲ. ಪ್ರತಿ ಜಡ್ಜ್ ಹೇಗೆ ಕೆಲಸ ಮಾಡಿದ್ದಾರೆ ಅಂತ ಅದರಲ್ಲಿರುತ್ತೆ. ಎಲ್ಲಿ ಅದು?”

ಅವನು ಗಂಟಲು ಸರಿಮಾಡಿಕೊಂಡ. ಪುಸ್ತಕ ಗ್ಯಾರೇಜಿನಲ್ಲಿತ್ತು. ಮುಂದಿನ ವರ್ಷದ ಟೊಮೆಟೊ ಬೀಜಗಳನ್ನು ಅದರ ಪುಟಗಳ ಮೇಲೆ ಒಣಹಾಕಿದ್ದ. ಬೀಜ ಒಣಗಿ ಕಾಗದಕ್ಕೆ ಕಚ್ಚಿಕೊಂಡಿತ್ತು. ನಮ್ಮ ಜಡ್ಜಮ್ಮನ ಪುಟದಲ್ಲಿ ‘ತಾಳ್ಮೆಯಿಂದ’ ಎಂಬುದು ಕಾಣುತ್ತಿತ್ತು, ಆಮೇಲೆ ಬೀಜ, ಆಮೇಲೆ ‘ಎಲ್ಲರಿಗೂ ಸಮಾನವಾಗಿ’, ಮತ್ತೆ ಬೀಜ.

“ಬೀಜ ಕೀಳಲೇ?” ಎಂದೆ.

“ಬೇಡ ಬೇಡ, ಅದು ಒಳ್ಳೇ ತಳಿ,” ಎಂದು ಪುಸ್ತಕ ಕಿತ್ತುಕೊಂಡ.

ಬುಧವಾರ ಬೆಳಿಗ್ಗೆ ನಾನು ಚಳಿ ತಾಗದಂತೆ ಗುಲಾಬಿಗೆ ಸೆಣಬಿನ ಚೀಲ ಸುತ್ತುತ್ತಿದ್ದಾಗ ಜಡ್ಜ್ ಪೋಲ್ಮನ್ ನಾಯಿಯನ್ನು ಕರೆದುಕೊಂಡು ರಸ್ತೆಯಲ್ಲಿ ಬಂದರು. ನಮ್ಮ ಹುಲ್ಲಿಗೆ ಕಾಲಿಡದೆ ಡಾಂಬರಿನ ಅಂಚಿನಲ್ಲೇ ನಿಂತರು.

“ಮಿಸೆಸ್ ಕ್ಯೂಬಿಕ್, ಜಡ್ಜ್ ಆಗಿ ಈ ಅಂಗಳದ ಬಗ್ಗೆ ನಾನು ಏನೂ ಹೇಳೋ ಹಾಗಿಲ್ಲ.”

“ಹೇಳ್ಬೇಡಿ ಜಡ್ಜಮ್ಮ.”

“ಹೇಳ್ತಾ ಇಲ್ಲ. ಆದರೆ ಒಂದು ಬೋರ್ಡು ವಾಲಿದೆ.”

“ಯಾವುದು?”

“ಅದನ್ನೂ ನಾನು ಹೇಳೋ ಹಾಗಿಲ್ಲ.”

ಅವರ ನಾಯಿಗೆ ಅಂಥ ನಿರ್ಬಂಧ ಇರಲಿಲ್ಲ. ಹಗ್ಗ ಜಗ್ಗಿಕೊಂಡು ಬಂದು ‘ಜಡ್ಜ್ ಪೋಲ್ಮನ್ ಇರಲಿ’ ಎಂಬ ಬೋರ್ಡಿಗೆ ಕಾಲೆತ್ತಿತು. ಜಡ್ಜಮ್ಮ ಕೆಂಪಾದರು. “ಇದು ಯಾರ ಮಾತೂ ಕೇಳಲ್ಲ,” ಎಂದರು. ವಾಲಿದ್ದದ್ದು ‘ಜಡ್ಜ್ ಪೋಲ್ಮನ್ ಬೇಡ’ ಎನ್ನುವ ಬೋರ್ಡು. ಅವರು ತಿರುವು ದಾಟುವವರೆಗೆ ಕಾದು, ನಾನೇ ಅದನ್ನು ನೆಟ್ಟಗೆ ಮಾಡಿದೆ.

ಸಂಜೆ ಸಭಾಭವನ ಕಿಕ್ಕಿರಿದಿತ್ತು. ವೆಂಡೆಲ್ ಸಾವಿನ ಮನೆಗೆ ಹೋಗುವ ಕೋಟು ಹಾಕಿದ್ದ. ಮುಂದಿನ ಸಾಲಿನಲ್ಲಿ ಕಾಸಿಲ್ದಾ ಅಜ್ಜಿ, ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್. ಕೊನೆಯ ಸಾಲಿನಲ್ಲಿ ಜಡ್ಜಮ್ಮ. ಬೆನಿತಾ ಸಮವಸ್ತ್ರದಲ್ಲೇ ಬಂದು, ಚೀಟಿ ನೋಡುತ್ತ, ತಗ್ಗಿದ ದನಿಯಲ್ಲಿ ಮಾತಾಡಿ ಕೂತಳು. ಹಾರ್ಲನ್ ಚೀಟಿಯಿಲ್ಲದೆ ಗುಡುಗಿದ.

“ಪಕ್ಕದ ಜಿಲ್ಲೇಲಿ ಹೊಸಾ ಆಂಬ್ಯುಲೆನ್ಸ್ ಇದೆ! ಫೋನ್ ಮಾಡಿದ್ರೆ ಬರುತ್ತೆ! ಅಲ್ಲಿರೋದಕ್ಕೆ ಇಲ್ಲಿ ಯಾಕ್ರೀ ನಾವು ದುಡ್ಡು ಕೊಡ್ಬೇಕು?”

ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನನಗೆ ಇಷ್ಟವಾಗುವಷ್ಟು ಸಣ್ಣದಿರಲಿಲ್ಲ. ಆಮೇಲೆ ವೆಂಡೆಲ್ ಮೈಕಿನ ಮುಂದೆ ಬಂದ.

“ಒಂದು ಕಡೆಯಿಂದ ನೋಡಿದರೆ...” ಎಂದ. ಜನ ಮುಂದಕ್ಕೆ ಬಾಗಿದರು. “ಇನ್ನೊಂದು ಕಡೆಯಿಂದ ನೋಡಿದರೆ...” ಎಂದ. ಜನ ಹಿಂದಕ್ಕೆ ಒರಗಿದರು. “ಈಗ ಮೊದಲಿನ ಕಡೆಗೆ ಬಂದರೆ...” ಎಂದು ಮತ್ತೆ ಶುರುಮಾಡಿದಾಗ ಹಾರ್ಲನ್ ಎದ್ದು ನಿಂತ.

“ಯಾವ ಕಡೆ ಅಂತ ಹೇಳಿ ಸಾಯೋ ಮಾರಾಯಾ! ಶನಿವಾರದಿಂದ ತೂಗ್ತಿದ್ದೀಯ!”

ವೆಂಡೆಲ್ ನನ್ನ ಕಡೆ ನೋಡಿದ. ನಾನು ಚಪ್ಪಲಿ ನೋಡಿಕೊಂಡೆ.

“ತೂಗ್ತಿರಲಿಲ್ಲ,” ಎಂದ. ಮೈಕು ಅವನ ದನಿಯನ್ನು ಮೂಲೆಮೂಲೆಗೂ ಒಯ್ದಿತು. “ಬೋರ್ಡಿನ ಕಂಬಿ ಬೇಕಿತ್ತು. ಟೊಮೆಟೊ ಗಿಡಕ್ಕೆ.”

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಸಭೆ ಎದ್ದು ಕೂಗಿತು. ಒಬ್ಬರು ನಗುತ್ತಿದ್ದರು, ಒಬ್ಬರು ಬೈಯುತ್ತಿದ್ದರು. ಹಿಂದಿನಿಂದ ಯಾರೋ “ನನ್ನ ಕ್ಯಾಸರೋಲ್!” ಎಂದು ಕಿರುಚಿದರು. ಬೆನಿತಾ ಎದ್ದಳು. ಅವಳು ಕೂಗಲಿಲ್ಲ.

“ನಮ್ಮಮ್ಮನ ಉಸಿರು ನಿಮಗೆ ಟೊಮೆಟೊ ಕಂಬೀನಾ, ಮಿಸ್ಟರ್ ಕ್ಯೂಬಿಕ್?”

ಅವನು ಬಾಯಿ ತೆರೆದ. ಅದೇ ಹೊತ್ತಿಗೆ ದೂರದಲ್ಲಿ ರೈಲು ಕೂಗಿತು.

ನಮ್ಮ ಸಭಾಭವನ ಹಳಿಯ ಪಕ್ಕದಲ್ಲೇ ಇದೆ. ಆದರೆ ರೈಲಿಗೆ ಯಾರೂ ಗಮನ ಕೊಡುವುದಿಲ್ಲ. ಅದು ನಮಗೆ ಗಾಳಿ, ಬಿಸಿಲಿನ ಹಾಗೆ. ಗಮನ ಕೊಟ್ಟದ್ದು ವೆಂಡೆಲ್‌ನ ಕೈ. ಹೇಳದೆ ಕೇಳದೆ ಅದು ಮೇಲೆದ್ದು, ಅಂಗೈ ಜನರ ಕಡೆಗಾಗಿ ನಿಂತಿತು. ಬಸ್ಸಿನಲ್ಲಿ, ಹಳಿಯ ಮುಂದೆ, ಬಾಗಿಲು ತೆಗೆದು ನಿಲ್ಲುತ್ತಿದ್ದ ಹಾಗೆ.

ಸಭೆ ಗಪ್ಪನೆ ಸುಮ್ಮನಾಯಿತು. ಬೈಯುತ್ತಿದ್ದವರು ಅರ್ಧ ಬೈಗುಳದಲ್ಲಿ ನಿಂತರು. ಬೋಳುತಲೆಯವರು, ಮೊಮ್ಮಕ್ಕಳಿದ್ದವರು, ಪಾದ್ರಿ, ಬೆನಿತಾ, ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡು, ಕೈ ಮಡಿಲಲ್ಲಿಟ್ಟುಕೊಂಡು ಕೂತರು. ಕಲ್ಲಿದ್ದಲಿನ ರೈಲು ಬಂತು. ಹೋಯಿತು, ಹೋಗುತ್ತಲೇ ಇತ್ತು. ನಿಧಾನವಾಯಿತು. ಒಂದು ಉದ್ದನೆಯ ಕಿರುಚಾಟದೊಂದಿಗೆ ನಿಂತೇಬಿಟ್ಟಿತು. ಹಾಗೆ ನಿಲ್ಲುವುದು ನಮ್ಮಲ್ಲಿ ಹೊಸದೇನೂ ಅಲ್ಲ.

ನಿಶ್ಶಬ್ದದಲ್ಲಿ ಕಾಸಿಲ್ದಾ ಅಜ್ಜಿಯ ನಳಿಕೆ ಸುಯ್ ಸುಯ್ ಎನ್ನುವುದು ಕೊನೆಯ ಸಾಲಿಗೂ ಕೇಳಿಸಿತು.

“ಹಾರ್ಲನ್,” ಎಂದ ವೆಂಡೆಲ್, ಕೈ ಇನ್ನೂ ಮೇಲೆಯೇ ಇತ್ತು, “ಆ ಆಂಬ್ಯುಲೆನ್ಸು ಈಗ ಆ ಕಡೆ ನಿಂತಿದೆ, ಅಲ್ವಾ?”

“ರೈಲು ಹೋಗುತ್ತೆ ಬಿಡೋ.”

“ಯಾವಾಗ?”

ಹಾರ್ಲನ್ ಕಿಟಕಿಯ ಕಡೆ ನೋಡಿದ. ಕಿಟಕಿಯ ತುಂಬ ರೈಲು. ನಾವೆಲ್ಲ ಹಾರ್ಲನ್‌ಗಾಗಿ ಕಾಯುತ್ತಿದ್ದೆವು, ಹಾರ್ಲನ್ ರೈಲಿಗಾಗಿ ಕಾಯುತ್ತಿದ್ದ.

“ನಿನ್ನ ಹಾಗೆ ಗೇಟಿನ ಪಕ್ಕದಿಂದ ನುಗ್ಗಬಹುದು,” ಎಂದ ಕೊನೆಗೆ. ಯಾರೂ ನಗಲಿಲ್ಲ.

“ನುಗ್ಗಿದ್ದೆ,” ಎಂದ ವೆಂಡೆಲ್. “ರೈಲು ಇನ್ನೂ ಬಂದಿರಲಿಲ್ಲ, ಅದಕ್ಕೇ ಬದುಕಿದೀನಿ. ಜಡ್ಜಮ್ಮ ದಂಡ ಹಾಕಿದ್ರು. ಸರಿಯಾಗೇ ಹಾಕಿದ್ರು. ಅದೇ ನಂಗೆ ಉರಿಯೋದು. ಆದ್ರೆ ರೈಲು ಬಂದು ನಿಂತ ಮೇಲೆ ಎಲ್ಲಿಂದ ನುಗ್ಗೋದು? ನಂಗೆ ನಿಜವಾಗ್ಲೂ ಗೊತ್ತಾಗ್ತಿಲ್ಲ, ಕೇಳ್ತಿದ್ದೀನಿ ಅಷ್ಟೆ.”

ಬೆನಿತಾ ಹಣೆ ಒತ್ತಿಕೊಂಡಳು. “ಇದನ್ನೇ ನಾನು ಕರಪತ್ರದಲ್ಲಿ ಬರೆದಿದ್ದೆ! ಎರಡನೇ ಪುಟದಲ್ಲಿ!”

“ಎರಡನೇ ಪುಟ ಯಾರಮ್ಮಾ ಓದ್ತಾರೆ?” ಎಂದರು ಪಾದ್ರಿ, ತೀರ ಪ್ರಾಮಾಣಿಕವಾಗಿ.

ರೈಲು ಹೊರಡಲಿಲ್ಲ. ಸಭೆ ಮುಗಿದರೂ, ಹಳಿಯಾಚೆ ಮನೆಯಿದ್ದವರು ಯಾರೂ ಮನೆಗೆ ಹೋಗುವಂತಿರಲಿಲ್ಲ. ಹಾರ್ಲನ್‌ನ ಮಗಳ ಮನೆ ಹಳಿಯಾಚೆ. ಅಲ್ಲಿ ಅವನಿಗಾಗಿ ಊಟ ಕಾಯುತ್ತಿತ್ತು. ಅವನು ಮೆಟ್ಟಿಲ ಮೇಲೆ ಒಬ್ಬನೇ ಕೂತು ಟೋಪಿ ತೆಗೆಯುವುದು, ಹಾಕಿಕೊಳ್ಳುವುದು ಮಾಡುತ್ತಿದ್ದ. ಕಾಸಿಲ್ದಾ ಅಜ್ಜಿ ಸಿಲಿಂಡರ್ ಎಳೆದುಕೊಂಡು ಹೋಗಿ ಅವನ ಪಕ್ಕದಲ್ಲಿ ಕೂತರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ, ಎಷ್ಟು ಕಿವಿಗೊಟ್ಟರೂ.

ಮರುದಿನ ಬೆಳಿಗ್ಗೆ ಅಂಗಳ ನೋಡಿದೆ. ಹಾರ್ಲನ್‌ನ ‘1ಎ ಬೇಡ’ ಬೋರ್ಡು ಹೋಗಿತ್ತು. ಆದರೆ ಕಂಬಿ ಇತ್ತು. ಹಾಳೆಯನ್ನು ಮಾತ್ರ ಜೋಪಾನವಾಗಿ ಕಳಚಿಕೊಂಡು, ಕಂಬಿಯನ್ನು ಇನ್ನಷ್ಟು ಆಳಕ್ಕೆ ಒತ್ತಿ ಹೋಗಿದ್ದ. ‘ಜಡ್ಜ್ ಬೇಡ’ ಎನ್ನುವುದು ಅಲ್ಲೇ ಇತ್ತು. ಒಂದೇ ರಾತ್ರಿಯಲ್ಲಿ ಒಬ್ಬ ಮನುಷ್ಯ ಎಷ್ಟೆಂದು ಬದಲಾಗಬಹುದು?

ಆ ದಿನ ವೆಂಡೆಲ್ ಮೇಜಿನ ಮುಂದೆ ಕೂತು, ಚಾಕುವಿನ ತುದಿಯಿಂದ ನೀಲಿ ಪುಸ್ತಕದ ಬೀಜಗಳನ್ನು ಒಂದೊಂದಾಗಿ ಎಬ್ಬಿಸಿ, ಪ್ರತಿ ಜಡ್ಜ್‌ನ ಪುಟವನ್ನೂ ಎರಡನೇ ಪುಟದವರೆಗೆ ಓದಿದ. ಹಲ್ಲಿನ ಡಾಕ್ಟರ ಹೆಸರಿನವರು ಒಳ್ಳೆಯವರೆಂದು ತಿಳಿಯಿತು. ನಮ್ಮ ಜಡ್ಜಮ್ಮನ ಹೆಸರಿಗೆ ಬಂದಾಗ ಪೆನ್ನು ತುಂಬ ಹೊತ್ತು ನಿಂತಿತು.

“ಗೇಟು ನುಗ್ಗಿದ್ದು ನಿಜ ತಾನೆ?” ಎಂದೆ.

“ನಿಜ.”

“ಮತ್ತೆ?”

“ನಿರೀಕ್ಷಿಸಿರಲಿಲ್ಲ ಅನ್ನಬಾರದಿತ್ತು,” ಎಂದು ಗೊಣಗಿ, ‘ಇರಲಿ’ ಎಂಬಲ್ಲಿ ಗುರುತು ಮಾಡಿದ. 1ಎಗೂ ಬೇಕೆಂದು ಗುರುತು ಮಾಡಿ, ಲಕೋಟೆಗೆ ಸಹಿ ಹಾಕಿ, ಕೋರ್ಟಿನ ಮುಂದಿನ ಓಟಿನ ಪೆಟ್ಟಿಗೆಗೆ ಹಾಕಲು ಹೊರಟ. ದಾರಿಯಲ್ಲಿ ಗೇಟು ಇಳಿದಿತ್ತಂತೆ. ಕಾದನಂತೆ.

1ಎ ಗೆದ್ದಿತು, ತೀರ ಕೂದಲೆಳೆಯಲ್ಲಿ. ಜಡ್ಜಮ್ಮ ಉಳಿದರು. ಹಾರ್ಲನ್ ಯಾವುದಕ್ಕೆ ಹಾಕಿದ ಎಂದು ಇಂದಿಗೂ ಹೇಳಿಲ್ಲ. ಕೇಳಿದರೆ ಟೋಪಿ ತೆಗೆಯುತ್ತಾನೆ. ಏಪ್ರಿಲಿನಲ್ಲಿ ಕಾಸಿಲ್ದಾ ಅಜ್ಜಿಗೆ ಮತ್ತೆ ಉಸಿರು ಕಟ್ಟಿತು. ಆಗಲೂ ಗೇಟಿನಲ್ಲಿ ರೈಲು ನಿಂತಿತ್ತು. ಆದರೆ ನಮ್ಮ ಗಾಡಿ ಈ ಕಡೆಯದು, ಆಸ್ಪತ್ರೆಯೂ ಈ ಕಡೆಯದೇ. ವಾರ ಕಳೆದು ಅಜ್ಜಿ ಮನೆಗೆ ಬಂದವರೇ, ಜಗುಲಿಯಿಂದ ಮೊದಲು ಕೂಗಿದ್ದು ಹೀಗೆ:

“ಏಯ್ ವೆಂಡೆಲ್! ನನ್ನ ಮಗಳ ಬೋರ್ಡಿನ ಕಂಬಿ ವಾಪಸ್ ಕೊಡು! ನಾನೂ ಟೊಮೆಟೊ ಹಾಕ್ತೀನಿ!”

ಅವರ ದನಿ ಎದುರು ಮನೆಗೂ ಕೇಳಿಸಿತು. ಹಾರ್ಲನ್ ರಸ್ತೆ ದಾಟಿ ಬಂದು, ತನ್ನವೂ ಎರಡಿವೆ ಎಂದು ನೆನಪಿಸಿದ. ಮಾರ್ಲಾ ತನ್ನದನ್ನು ಒಯ್ದಳು. ಜೂನ್ ಬರುವಷ್ಟರಲ್ಲಿ ಬೀದಿಯ ಆ ತುದಿಯಿಂದ ಈ ತುದಿಯವರೆಗೆ, ಹೌದು ಎಂದವರ ಮನೆ, ಬೇಡ ಎಂದವರ ಮನೆ ಎನ್ನದೆ, ಚುನಾವಣೆಯ ಕಂಬಿಗಳಿಗೆ ಟೊಮೆಟೊ ಬಳ್ಳಿ ಹಬ್ಬಿತ್ತು. ಜಡ್ಜಮ್ಮ ಕೂಡ ಡಾಂಬರಿನ ಅಂಚಿನಲ್ಲಿ ನಿಂತು, ಬೀಜ ಯಾವ ತಳಿಯದು ಎಂದು ಕೇಳುವುದರಲ್ಲಿ ತಪ್ಪೇನಿಲ್ಲವಷ್ಟೇ ಎಂದು ನನ್ನನ್ನು ವಿಚಾರಿಸಿದರು.

ವೆಂಡೆಲ್ ಬರಿಗೈಯಲ್ಲಿ ಅಂಗಳದ ನಡುವೆ ನಿಂತು, ಬೀದಿಯುದ್ದಕ್ಕೂ ಕಣ್ಣಾಡಿಸಿ ನಿಟ್ಟುಸಿರು ಬಿಟ್ಟ.

“ನಾನು ಹೇಳಿರಲಿಲ್ವಾ ಮೇವಿಸ್?” ಎಂದ. “ಗುಟ್ಟು ಗೊತ್ತಾದ್ರೆ ಊರೋರೆಲ್ಲ ಟೊಮೆಟೊ ಬೆಳೀತಾರೆ ಅಂತ!”